ತಟ್ಟೆ ಮೇಲಿನ ಹೆಸರು, ಗೋಡೆ ಮೇಲಿನ ಹೆಸರು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ದಾವಣಗೆರೆ. ಯಜಮಾನರದು ಬಟ್ಟೆ ಅಂಗಡಿ. ಮಗಳಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಆದರೆ ಮೊನ್ನೆ ಬಂದ ಪತ್ರದಲ್ಲಿ ‘ಜಾನ್ ಆರ್. ಲೂಯಿಸ್ ಕಾಲೇಜು’ ಅಂತ ಇದೆ. ಅಲ್ಲಿಯ ಮುಖ್ಯ ವಿಷಯ ‘ಸಾಮಾಜಿಕ ನ್ಯಾಯ ಮತ್ತು ಸಮುದಾಯ’ ಅಂತೆ. ನಮ್ಮ ಭಾವನವರು, “ಅದು ಚಳವಳಿಗಾರನ ಹೆಸರು, ನಲವತ್ತು ಸಲ ಅರೆಸ್ಟ್ ಆದವನು, ಹುಡುಗಿ ಓದೋದು ಬಿಟ್ಟು ಬಾವುಟ ಹಿಡೀತಾಳೆ” ಅಂತಾರೆ. ಇದು ಕಾಲೇಜೋ ಹಾಸ್ಟೆಲ್ಲೋ? ಡಿಗ್ರಿ ಯಾರ ಹೆಸರಲ್ಲಿ ಬರುತ್ತೆ? ಕಳಿಸಬಹುದಾ? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಳಿಸಿ, ಅಮ್ಮ. ಧೈರ್ಯವಾಗಿ ಕಳಿಸಿ.

ಮೊದಲು ಡಿಗ್ರಿ ವಿಷಯ. ಡಿಗ್ರಿ ಕೊಡೋದು ಯೂನಿವರ್ಸಿಟಿ. ಕಂಪ್ಯೂಟರ್ ಪಾಠ ನಡೆಯೋದು ಅದರ ಇಂಜಿನಿಯರಿಂಗ್ ವಿಭಾಗದಲ್ಲಿ. ಸಾಂತಾ ಕ್ರೂಜ್‌ನಲ್ಲಿ ‘ಕಾಲೇಜು’ ಅನ್ನೋ ಮಾತಿಗೆ ಅರ್ಥ ಬೇರೆ. ಅಲ್ಲಿ ಇಂಥ ಹತ್ತು ಕಾಲೇಜುಗಳಿವೆ. ಡಿಗ್ರಿಗೆ ಸೇರಿದ ಪ್ರತಿಯೊಬ್ಬರೂ ಯಾವುದಾದರೂ ಒಂದಕ್ಕೆ ಸೇರಿದವರೇ. ರೂಮು, ಊಟ, ಸಲಹೆ ಕೊಡುವವರು, ಸಂಜೆಯ ಕಾರ್ಯಕ್ರಮ, ಮೊದಲ ಟರ್ಮಿನ ಒಂದು ಓದು-ಬರಹದ ಕ್ಲಾಸು, ಇಷ್ಟು ಕಾಲೇಜಿನ ಪಾಲು. ಕಂಪ್ಯೂಟರ್ ಓದುವವರೂ ಸಂಗೀತ ಓದುವವರೂ ಒಂದೇ ಕಾಲೇಜಿನಲ್ಲಿ ಇರಬಹುದು. ನಮ್ಮ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಹೋಲಿಸಿದರೆ ಅರ್ಧ ಸರಿ, ಯಾಕಂದ್ರೆ ಮೊರಾರ್ಜಿ ಶಾಲೆಯಲ್ಲಿ ಪಾಠ-ವಾಸ ಎರಡೂ ಒಂದೇ ಕಡೆ, ಅಲ್ಲಿ ಮುಖ್ಯ ಪಾಠ ಬೇರೆ ಕಡೆ. ದೊಡ್ಡ ಯೂನಿವರ್ಸಿಟಿಯೊಳಗೆ ಮಕ್ಕಳು ಕಳೆದುಹೋಗದ ಹಾಗೆ ಕಟ್ಟಿಕೊಂಡ ಕೇರಿಗಳು ಅಂದುಕೊಳ್ಳಿ.

ಪ್ರತಿ ಕಾಲೇಜಿಗೂ ಅದರದ್ದೇ ಒಂದು ವಿಷಯ ಇರುತ್ತೆ. ನಿಮ್ಮ ಮಗಳದ್ದು 2002ರಲ್ಲಿ ಶುರುವಾಯ್ತು. ಇಪ್ಪತ್ತು ವರ್ಷ ಅದಕ್ಕೆ ಬರೀ ‘ಕಾಲೇಜ್ ಟೆನ್’ ಅಂತ ನಂಬರ್ ಇತ್ತು. 2022ರಲ್ಲಿ ಜಾನ್ ಲೂಯಿಸ್ ಹೆಸರು ಇಟ್ಟರು. ಸಾಮಾಜಿಕ ನ್ಯಾಯದ ವಿಷಯ ಹೆಸರಿಗಿಂತ ಮುಂಚಿನಿಂದಲೂ ಇತ್ತು. ಪಕ್ಕದಲ್ಲೇ ‘ಕಾಲೇಜ್ ನೈನ್’ ಇದೆ, ಎರಡಕ್ಕೂ ಸೇರಿ ಒಂದೇ ಊಟದ ಹಾಲ್.

ಇನ್ನು ನಿಮ್ಮ ಭಾವನವರ ಮಾತು. ನಲವತ್ತು ಸಲ ಅರೆಸ್ಟ್ ಆದದ್ದು ನಿಜ. ಯಾಕೆ ಅಂತ ಅವರು ಹೇಳಲಿಲ್ಲ ಅನ್ನಿಸುತ್ತೆ. ಅದನ್ನು ನಾನು ಹೇಳ್ತೀನಿ.

ಜಾನ್ ಲೂಯಿಸ್ ಹುಟ್ಟಿದ್ದು 1940ರಲ್ಲಿ, ಅಲಬಾಮಾ ರಾಜ್ಯದ ಟ್ರಾಯ್ ಊರಿನ ಹತ್ತಿರ. ಅಪ್ಪ-ಅಮ್ಮ ಬೇರೆಯವರ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದ ಕಪ್ಪು ಜನ. ಹುಡುಗನಿಗೆ ಮನೆಯಲ್ಲಿ ಕೋಳಿ ನೋಡಿಕೊಳ್ಳುವ ಕೆಲಸ. ಆ ಕೋಳಿಗಳನ್ನೇ ಮುಂದೆ ಕೂರಿಸಿಕೊಂಡು ಭಾಷಣ ಮಾಡುತ್ತಿದ್ದನಂತೆ. ಹದಿನಾರನೇ ವಯಸ್ಸಿಗೆ ಟ್ರಾಯ್ ಊರಿನ ಲೈಬ್ರರಿಗೆ ಹೋಗಿ ಕಾರ್ಡು ಕೇಳಿದ. ಇದು ಬಿಳಿಯರಿಗೆ ಮಾತ್ರ ಅಂತ ವಾಪಸ್ ಕಳಿಸಿದರು. ಊರಲ್ಲಿದ್ದ ಕಾಲೇಜಿಗೆ ಅರ್ಜಿ ಹಾಕಿದ, ಉತ್ತರವೇ ಬರಲಿಲ್ಲ. ಕೊನೆಗೆ ನ್ಯಾಶ್‌ವಿಲ್ ಊರಿನ ಒಂದು ಕ್ರೈಸ್ತ ವಿದ್ಯಾಲಯ ಸೇರಿದ. ಫೀಸಿಗೆ ದುಡ್ಡಿಲ್ಲ, ಅಲ್ಲಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಓದಿದ.

ಆ ಊರಿನ ಅಂಗಡಿಗಳಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು. ಅದೇ ಅಂಗಡಿಯ ತಿಂಡಿ ಕೌಂಟರಿನಲ್ಲಿ ಕೂತು ತಿನ್ನುವ ಹಾಗಿರಲಿಲ್ಲ. 1960ರ ಫೆಬ್ರವರಿಯಲ್ಲಿ ಲೂಯಿಸ್ ಮತ್ತು ಗೆಳೆಯರು ಹೋಗಿ ಸುಮ್ನೆ ಕೂತರು. ತಿಂಡಿ ಕೊಡಲಿಲ್ಲ. ಪುಸ್ತಕ ತೆಗೆದು ಓದುತ್ತಾ ಕೂತರು. ಹೊಡೆದರೆ ತಿರುಗಿ ಹೊಡೆಯಬಾರದು, ಬೈದರೆ ಬೈಯಬಾರದು, ನೇರವಾಗಿ ಕೂರಬೇಕು ಅಂತ ಮೊದಲೇ ನಿಯಮ ಮಾಡಿಕೊಂಡಿದ್ದರು. ಅದನ್ನು ಬರೆದುಕೊಂಡವರಲ್ಲಿ ಲೂಯಿಸ್ ಒಬ್ಬ. ಮೈಮೇಲೆ ಸಿಗರೇಟು ಚುಚ್ಚಿದರು, ಸ್ಟೂಲಿನಿಂದ ಎಳೆದು ಕೆಡವಿದರು, ಪೊಲೀಸರು ಬಂದು ಏಟು ತಿಂದವರನ್ನೇ ಹಿಡಿದುಕೊಂಡು ಹೋದರು. ಅವನ ಮೊದಲ ಅರೆಸ್ಟು ಅದೇ. ಮೇ ತಿಂಗಳಲ್ಲಿ ಆ ಕೌಂಟರುಗಳು ಎಲ್ಲರಿಗೂ ತೆರೆದವು.

ಜೊತೆಯಲ್ಲಿ ಕೂತು ತಿನ್ನುವುದಕ್ಕೆ ಜೈಲಿಗೆ ಹೋದವರು, ಅಮ್ಮ. ಇದನ್ನು ಓದಿದಾಗಲೆಲ್ಲ ನನಗೆ ನನ್ನ ಸ್ಟೀಲ್ ತಟ್ಟೆ ನೆನಪಾಗುತ್ತೆ.

ನನ್ನೂರು ಜಗಳೂರು ಕಡೆ. 1976ರಲ್ಲಿ ಪಿಯುಸಿ ಓದಲು ಪಟ್ಟಣದ ಒಂದು ಹಾಸ್ಟೆಲ್ ಸೇರಿದೆ. ಅಪ್ಪ ಸಂತೆಗೆ ಬಂದವರು ಪಾತ್ರೆ ಅಂಗಡಿಯಲ್ಲಿ ಅಂಚು ಎತ್ತರದ ಒಂದು ತಟ್ಟೆ, ಒಂದು ಲೋಟ ಕೊಡಿಸಿದರು. ಅಂಗಡಿಯವನು ತಟ್ಟೆಯನ್ನು ಬೋರಲು ಹಾಕಿ, ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ನನ್ನ ಹೆಸರು ಕೊರೆದ. ಕೆಳಗೆ ಅಪ್ಪನ ಹೆಸರಿನ ಮೊದಲ ಅಕ್ಷರ. ಎಷ್ಟು ಹೆಮ್ಮೆ ಆಗಿತ್ತು! ಹಾಸ್ಟೆಲ್‌ನಲ್ಲಿ ಎಲ್ಲರ ತಟ್ಟೆ ಮೇಲೂ ಹೆಸರಿತ್ತು. ಕಳೆದುಹೋಗಬಾರದು ಅಂತ ಅಂದುಕೊಂಡಿದ್ದೆ. ತಿಂಗಳು ಕಳೆದ ಮೇಲೆ ಗೊತ್ತಾಯ್ತು. ಗೋಡೆಗೆ ಹೊಡೆದ ಸ್ಟ್ಯಾಂಡಿನಲ್ಲಿ ನಮ್ಮ ತಟ್ಟೆಗಳು. ಮೂರು ತಟ್ಟೆ ಮಾತ್ರ ಕೆಳಗೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಒಂದು ತಗಡಿನ ಡಬ್ಬದ ಮೇಲೆ. ಆ ಮೂವರು ಹುಡುಗಿಯರಿಗೆ ಸಾರು ಬಡಿಸುವಾಗ ಸೌಟು ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಸಾರು ಚಿಮ್ಮಿ ಅವರ ಲಂಗದ ಮೇಲೆ ಹಳದಿ ಕಲೆ. ಯಾರೂ ಏನೂ ಅನ್ನಲಿಲ್ಲ. ನಾನೂ ಎರಡು ವರ್ಷ ಅವರ ಎದುರು ಕೂತು ಮುದ್ದೆ ಮುರಿದೆ, ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನೊಳಗೆ ಚುಚ್ಚುತ್ತೆ.

ಮುಂದೆ ನಾನೇ ವಾರ್ಡನ್ ಆದೆ. ಸೇರಿದ ಮೊದಲ ವರ್ಷವೇ ನಲವತ್ತೆಂಟು ತಟ್ಟೆ ತರಿಸಿದೆ. ಎಲ್ಲಾ ಒಂದೇ ಅಳತೆ, ಯಾವುದರ ಮೇಲೂ ಹೆಸರಿಲ್ಲ. ತೊಳೆದು ಒಂದೇ ಬುಟ್ಟಿಗೆ ಹಾಕೋದು, ಕೈಗೆ ಸಿಕ್ಕಿದ್ದು ತಗೊಂಡು ಪಂಕ್ತಿಯಲ್ಲಿ ಕೂರೋದು. ಇಬ್ಬರು ತಂದೆಯರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಒಬ್ಬರು ತಿಂಗಳಾದ ಮೇಲೆ ಮಗಳನ್ನು ವಾಪಸ್ ಬಿಟ್ಟು ಹೋದರು. ಆ ಹುಡುಗಿ ಗೇಟಿನಿಂದ ನೇರ ಅಡುಗೆಮನೆಗೆ ಬಂದು ಬುಟ್ಟಿಯಿಂದ ತಟ್ಟೆ ಎತ್ತಿಕೊಂಡಿದ್ದು ಕಣ್ಣಿಗೆ ಕಟ್ಟಿದೆ.

ಹಾಗಾಗಿ ನಿಮ್ಮ ಮಗಳ ಕಾಲೇಜಿನಲ್ಲಿ ‘ಸಾಮಾಜಿಕ ನ್ಯಾಯ’ ಅಂದರೆ ಏನು ಅಂತ ಕೇಳಿದರೆ, ನನಗೆ ಮೊದಲು ಕಾಣೋದು ಆ ಊಟದ ಹಾಲ್. ಬೇರೆ ಬೇರೆ ದೇಶ, ಬಣ್ಣ, ಭಾಷೆಯ ಹದಿನೆಂಟರ ಮಕ್ಕಳು ಪಕ್ಕಪಕ್ಕ ಕೂತು ಉಣ್ಣುತ್ತಾರೆ. ಮೊದಲ ಟರ್ಮಿನ ಆ ಕ್ಲಾಸಿನಲ್ಲಿ ಅನ್ಯಾಯದ ಬಗ್ಗೆ ಓದುತ್ತಾರೆ, ವಾದ ಮಾಡುತ್ತಾರೆ, ಬರೆಯುತ್ತಾರೆ. ಎರಡು ಕಾಲೇಜುಗಳ ವಿದ್ಯಾರ್ಥಿಗಳೇ ಸೇರಿ, ತಿಳಿದುಕೊಂಡದ್ದನ್ನು ಕೆಲಸಕ್ಕೆ ಇಳಿಸುವುದು ಹೇಗೆ ಅಂತ ಒಂದು ಸಮ್ಮೇಳನವನ್ನೂ ನಡೆಸಿಕೊಂಡು ಬಂದಿದ್ದಾರೆ. ಇದರಿಂದ ಕಂಪ್ಯೂಟರ್ ಓದಿಗೆ ನಷ್ಟ ಇಲ್ಲ. ನಾಳೆ ಅವಳು ಬರೆಯುವ ಪ್ರೋಗ್ರಾಮು ಯಾರಿಗೆ ಸಾಲ ಕೊಡಬೇಕು, ಯಾರಿಗೆ ಬೇಡ ಅಂತ ತೀರ್ಮಾನ ಮಾಡಬಹುದು. ಆಗ ಈ ಓದು ಬೇಕಾಗುತ್ತೆ, ಅಲ್ವಾ?

ಲೂಯಿಸ್ ಕತೆಗೆ ವಾಪಸ್ ಬರ್ತೀನಿ, ಇನ್ನೂ ಸ್ವಲ್ಪ ಇದೆ. 1965ರ ಮಾರ್ಚ್ 7, ಭಾನುವಾರ. ಕಪ್ಪು ಜನರಿಗೆ ಮತದ ಹಕ್ಕು ಬೇಕು ಅಂತ ಸುಮಾರು ಆರುನೂರು ಜನ ಸೆಲ್ಮಾ ಊರಿನ ಸೇತುವೆ ದಾಟಿದರು. ಮುಂದಿನ ಸಾಲಿನಲ್ಲಿ ಇಪ್ಪತ್ತೈದು ವರ್ಷದ ಲೂಯಿಸ್. ಬೆನ್ನಿಗೆ ಒಂದು ಚೀಲ. ಜೈಲು ಗ್ಯಾರಂಟಿ ಅಂತ ಗೊತ್ತಿದ್ದರಿಂದ ಅದರಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು. ಪೊಲೀಸರು ಲಾಠಿ ಬೀಸಿದರು, ತಲೆಬುರುಡೆ ಬಿರುಕು ಬಿಟ್ಟಿತು. ಆ ದೃಶ್ಯ ಟಿವಿಯಲ್ಲಿ ಬಂದು ದೇಶವೇ ನಡುಗಿತು. ಅದೇ ಆಗಸ್ಟ್‌ನಲ್ಲಿ ಮತದ ಹಕ್ಕಿನ ಕಾಯ್ದೆಗೆ ಸಹಿ ಬಿತ್ತು. ಸಾಂತಾ ಕ್ರೂಜ್ ಕ್ಯಾಂಪಸ್ ಬಾಗಿಲು ತೆರೆದದ್ದೂ ಅದೇ 1965ರಲ್ಲಿ. ಆಮೇಲೆ ಲೂಯಿಸ್ 1987ರಿಂದ 2020ರಲ್ಲಿ ಸಾಯುವ ತನಕ ಅಮೆರಿಕದ ಸಂಸತ್ತಿನಲ್ಲಿದ್ದರು. ಲೈಬ್ರರಿ ಕಾರ್ಡು ಕೊಡದ ಆ ಟ್ರಾಯ್ ಊರು 1998ರಲ್ಲಿ ಅವರನ್ನು ಕರೆಸಿ ಕಾರ್ಡು ಕೊಟ್ಟಿತು.

ಅವರ ತಾಯಿಯೂ ನಿಮ್ಮ ಹಾಗೇ ಹೆದರಿದ್ದರು. ‘ತಂಟೆಗೆ ಹೋಗಬೇಡ’ ಅಂತಲೇ ಮನೆಯವರು ಹೇಳುತ್ತಿದ್ದದ್ದು. ಮಗ ಅರೆಸ್ಟ್ ಆದಾಗ ನೊಂದುಕೊಂಡರು. ಲೂಯಿಸ್ ದೊಡ್ಡವರಾದ ಮೇಲೆ ಅದೇ ಮಾತು ಹಿಡಿದು, ‘ಒಳ್ಳೇ ತಂಟೆ, ಬೇಕಾದ ತಂಟೆ’ ಅನ್ನೋದೂ ಒಂದಿದೆ ಅಂತ ಹುಡುಗರಿಗೆ ಹೇಳುತ್ತಾ ಬಂದರು.

ಇದನ್ನು ದೂರದ ಕತೆ ಅಂತ ತಿಳಿಯಬೇಡಿ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ನಿಮ್ಮ ಪಕ್ಕದ ಹರಿಹರದಲ್ಲಿ, 1938ರಲ್ಲಿ. ಲೂಯಿಸ್‌ಗಿಂತ ಎರಡೇ ವರ್ಷ ದೊಡ್ಡವರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರೂ ಹರಿಹರದವರೇ. ಮಗಳು ವಿಮಾನ ಹತ್ತುವ ಮುಂಚೆ ಈ ಇಬ್ಬರ ಬಗ್ಗೆ ತಿಳಿದುಕೊಂಡು ಹೋಗಲಿ. ಅಲ್ಲಿಯ ಕ್ಲಾಸಿನಲ್ಲಿ ‘ನಿಮ್ಮ ಊರಲ್ಲಿ ಯಾರಿದ್ದರು’ ಅಂತ ಕೇಳಿದರೆ ಹೇಳೋಕೆ ಇರುತ್ತೆ.

ಇನ್ನೊಂದು ಮಾತು. ಅಲ್ಲಿ ಸಿಗುವ ನಮ್ಮವರೇ ಕೆಲವರು ಅಡ್ಡಹೆಸರು ಕೇಳಿ, ‘ನೀವು ಯಾವ ಪೈಕಿ’ ಅಂತ ಶುರು ಮಾಡ್ತಾರೆ. ಅದನ್ನು ಆ ದೇಶವೂ ಈಗ ಗಮನಿಸಿದೆ. ಅದೇ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್ 2021ರಲ್ಲಿ ತಾರತಮ್ಯ ತಡೆಯುವ ತನ್ನ ನಿಯಮಕ್ಕೆ ‘ಜಾತಿ’ ಅನ್ನೋ ಪದ ಸೇರಿಸಿತು. ಮಗಳಿಗೆ ಇದನ್ನೂ ಹೇಳಿ ಕಳಿಸಿ. ಅವಳು ಕೇಳುವವಳಾಗಬಾರದು, ಕೇಳಿದವರಿಗೆ ಉತ್ತರ ಕೊಡಲೂಬಾರದು.

ಚಟ್ನಿಪುಡಿ ಜಾಸ್ತಿ ಕಟ್ಟಿಕೊಡಿ. ನಾಲ್ಕು ಜನಕ್ಕೆ ಆಗೋಷ್ಟು.

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದಲ್ಲಿ ಬಿ.ಎ. ಎರಡನೇ ವರ್ಷ. ಹಾಸ್ಟೆಲ್‌ನಲ್ಲಿದ್ದೀನಿ. ಪ್ರತಿ ಆಗಸ್ಟ್ 20ಕ್ಕೆ ದೇವರಾಜ ಅರಸು ಅವರ ಫೋಟೋಗೆ ಹಾರ ಹಾಕಿ ಲಾಡು ಕೊಡ್ತಾರೆ. ಅವರು ಯಾರು ಅಂತ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ಸಲ ಬೇರೆ ಏನಾದರೂ ಮಾಡೋಣ ಅಂತ ನಾಲ್ಕು ಜನ ಅಂದುಕೊಂಡಿದ್ದೀವಿ. ಏನು ಮಾಡಬಹುದು? — ಹೊಸದುರ್ಗ ಕಡೆಯ ಹುಡುಗಿ

ಉತ್ತರ: ಇಂಥ ಕಾಗದ ಬಂದರೆ ನನಗೆ ಹೊಟ್ಟೆ ತುಂಬಿದ ಹಾಗೆ, ತಂಗಿ.

ಲಾಡು ಇರಲಿ, ನಿಲ್ಲಿಸಬೇಡಿ. ಅದರ ಜೊತೆಗೆ ಒಂದು ಗಂಟೆ ಕೇಳಿಕೊಳ್ಳಿ. ಅರಸು ಅವರು 1972ರಲ್ಲಿ ಮುಖ್ಯಮಂತ್ರಿ ಆದರು. ಹಿಂದುಳಿದವರು ಯಾರು, ಅವರಿಗೆ ಏನು ಸಿಗಬೇಕು ಅಂತ ನೋಡಲು ಅದೇ ವರ್ಷ ಹಾವನೂರು ಆಯೋಗ ಮಾಡಿದರು. ಅದರ ವರದಿ ಬಂದದ್ದು 1975ರಲ್ಲಿ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ತಂದರು. ಗೇಣಿಗೆ ಉಳುತ್ತಿದ್ದವರು ‘ಫಾರಂ ನಂಬರ್ 7’ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟು ಹೊಲದ ಒಡೆಯರಾದರು. ಎಲ್ಲರಿಗೂ ಸಿಗಲಿಲ್ಲ. ಅರ್ಜಿ ಹಾಕಲು ಧೈರ್ಯ ಸಾಲದವರೂ ಇದ್ದರು, ಹಾಕಿ ವರ್ಷಗಟ್ಟಲೆ ಅಲೆದವರೂ ಇದ್ದರು. ಅದನ್ನೂ ಮಾತಾಡಿ.

ಭಾಷಣಕಾರರನ್ನು ಹುಡುಕಬೇಡಿ. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಹಾಸ್ಟೆಲ್‌ನ ಪ್ರತಿ ಹುಡುಗಿಯೂ ಮನೆಯ ಹಿರಿಯರನ್ನು ಒಂದೇ ಪ್ರಶ್ನೆ ಕೇಳಲಿ: “ಅಜ್ಜಾ, ಡಿಕ್ಲರೇಷನ್ ಕೊಟ್ಟಿದ್ರಾ? ಹೊಲ ಸಿಕ್ತಾ?” ‘ಡಿಕ್ಲರೇಷನ್’ ಅಂದರೆ ಅದೇ ಫಾರಂ ನಂಬರ್ 7ರ ಅರ್ಜಿ; ಅಜ್ಜಂದಿರಿಗೆ ಅಷ್ಟು ಅಂದರೆ ಸಾಕು, ಗೊತ್ತಾಗುತ್ತೆ. ಸಿಕ್ಕವರ ಮನೆ ಕತೆ, ಸಿಗದವರ ಮನೆ ಕತೆ, ಹೊಲ ಬಿಟ್ಟುಕೊಟ್ಟವರ ಮನೆ ಕತೆ, ಮೂರೂ ನಿಮ್ಮ ಒಂದೇ ಹಾಸ್ಟೆಲ್‌ನಲ್ಲಿ ಇರಬಹುದು. ಅವರವರ ಮಾತಲ್ಲೇ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬನ್ನಿ. ಆಗಸ್ಟ್ 20ರ ಸಂಜೆ ಊಟದ ಮುಂಚೆ ಪಂಕ್ತಿಯಲ್ಲೇ ಕೂತು ಒಬ್ಬೊಬ್ಬರೇ ಓದಿ. ಹೊಲ ಬಿಟ್ಟುಕೊಟ್ಟ ಮನೆಯ ಹುಡುಗಿಯನ್ನು ಯಾರೂ ಚುಚ್ಚಬೇಡಿ, ಅವಳೂ ಪೂರ್ತಿ ಓದಲಿ.

ವಾರ್ಡನ್ ಏನಂತಾರೋ ಅಂತ ಹೆದರಿಕೆ ಇದ್ದರೆ ಮೊದಲೇ ಹೋಗಿ, “ಮೇಡಂ, ನಮ್ಮ ಅಜ್ಜಂದಿರ ಕತೆ ಓದ್ತೀವಿ, ನೀವೂ ಒಂದು ಓದಿ” ಅಂತ ಕರೆಯಿರಿ. ಬೇಡ ಅನ್ನೋದು ಕಷ್ಟ ಆಗುತ್ತೆ.

ಯಾರ ಮನೆಯಲ್ಲಾದರೂ ಟ್ರಂಕಿನ ತಳದಲ್ಲಿ ಹಳೇ ಫಾರಂ ನಂಬರ್ 7ರ ಪ್ರತಿ ಇದ್ದರೆ, ಹುಷಾರಾಗಿ ಒಂದು ಜೆರಾಕ್ಸ್ ಮಾಡಿಸಿ ಹಾಸ್ಟೆಲ್ ಗೋಡೆಗೆ ಆ ಫೋಟೋ ಪಕ್ಕ ಹಾಕಿ. ಇನ್ನೊಂದು ಜೆರಾಕ್ಸ್ ನನಗೆ ಕಳಿಸು, ಪೋಸ್ಟ್ ಖರ್ಚು ನಾನು ಕೊಡ್ತೀನಿ.