ಟ್ರಂಕಿನಲ್ಲಿ ನಿಂತುಹೋದ ಹೊಲಿಗೆಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶಾಂತಕ್ಕ ಧಾರವಾಡದ ಕಡೆಯವರು. ವಯಸ್ಸು 61, ನಿವೃತ್ತ ಶಿಕ್ಷಕಿ. ಅವರು ಹೇಳಿಕೊಂಡಿದ್ದು ಇಷ್ಟೇ: "ನಾ ಭಾಳ ಆಲಸಿ ಆಗೇನ್ರಿ. ಹಿಡದ ಕೆಲಸ ಒಂದೂ ಮುಗಸಂಗಿಲ್ಲ. ಆ ಟ್ರಂಕ್ ಕಂಡ್ರ ಎದಿ ಧಸಕ್ ಅಂತದ."

ಟ್ರಂಕಿನಲ್ಲಿದ್ದುದು ಅವರು ಶುರು ಮಾಡಿ ಬಿಟ್ಟ ಹೊಲಿಗೆ. ತೀರಿಕೊಂಡ ತಾಯಿಯ ಸೀರೆಗಳಿಂದ ಹಿಡಿದ ಒಂದು ಕೌದಿ, ಮಗಳ ಮದುವೆಗೆಂದು ಕಸೂತಿ ಹಾಕಲು ತೆಗೆದ ಇಳಕಲ್ ಸೀರೆ, ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಿದ ಟೇಬಲ್ ಹೊದಿಕೆ, ಮೊಮ್ಮಗನ ಕುಂಚಿಗೆ, ಫಾಲ್ ಹಚ್ಚದ ಐದು ಸೀರೆಗಳು. ಮಗಳ ಮದುವೆಯಾಗಿ ವರ್ಷಗಳಾಗಿವೆ, ಕುಂಚಿಗೆ ಹಾಕಬೇಕಿದ್ದ ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಮನೆಯವರು "ಎಲ್ಲಾ ಒಗದಬಿಡು, ಅಂಗಡ್ಯಾಗ ರೆಡಿಮೇಡ್ ಸಿಗತಾವ" ಎಂದಾಗಲೆಲ್ಲ ಜಗಳವಾಗುತ್ತಿತ್ತು.

ಮೊದಲು ನೋಡಬೇಕಾದುದು ಆರೋಗ್ಯ. ನಿದ್ದೆ, ಊಟ, ನೆಂಟರ ಜೊತೆ ಮಾತುಕತೆ, ಇತರ ಕೆಲಸಗಳಲ್ಲಿ ಆಸಕ್ತಿ, ಎಲ್ಲವನ್ನೂ ಕೇಳಿದೆವು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ನಿದ್ದೆಗೇಡು ಇದ್ದರೆ ಅದು ಹೊಲಿಗೆಯ ವಿಷಯವಾಗಿ ಉಳಿಯುವುದಿಲ್ಲ, ಮನೋವೈದ್ಯರ ಬಳಿ ಹೋಗಬೇಕು. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಶಾಂತಕ್ಕನಿಗೆ ಅಂಥದ್ದೇನೂ ಇರಲಿಲ್ಲ. ಹಿತ್ತಲ ತುಂಬ ಗಿಡ ಬೆಳೆಸಿದ್ದಾರೆ, ಭಜನಾ ಮಂಡಳಿಗೆ ತಪ್ಪದೆ ಹೋಗುತ್ತಾರೆ. ಆಲಸ್ಯ ಎಂಬ ಹಣೆಪಟ್ಟಿ ಅವರಿಗೆ ಒಪ್ಪುವುದೇ ಇಲ್ಲ.

ಹಾಗಾಗಿ ಮೊದಲು ಕೊಟ್ಟ ಕೆಲಸದಲ್ಲಿ ಸೂಜಿ ಹಿಡಿಯುವ ಮಾತೇ ಇರಲಿಲ್ಲ. ಬಿಸಿಲಿರುವ ದಿನ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಬೇಕು: ಇದು ಯಾರಿಗೆ, ಏನು ಬಾಕಿ, ಸರಿಯಾಗಿ ಯಾವ ಜಾಗದಲ್ಲಿ ನಿಂತಿದೆ. ಈ ಮೂರನೆಯದೇ ಮುಖ್ಯ. ನಿಂತ ಹೊಲಿಗೆ ಎಲ್ಲೋ ಸುಮ್ಮನೆ ನಿಂತಿರುವುದಿಲ್ಲ. ಲೆಕ್ಕ ತಪ್ಪಿದಲ್ಲಿ, ದಾರ ಮುಗಿದಲ್ಲಿ, ಬೇಸರದ ತಯಾರಿ ಕೆಲಸ ಬಂದಲ್ಲಿ ನಿಂತಿರುತ್ತದೆ. ಒಮ್ಮೊಮ್ಮೆ ಕೈ ಮುಂದೆ ಹೋಗಲಾರದ ನೆನಪಿನ ಹತ್ತಿರವೂ ನಿಂತಿರುತ್ತದೆ. ಹರಡಿದಾಗ ಗುಂಡುಪಿನ್ನು, ಸೂಜಿಗಳನ್ನೆಲ್ಲ ತೆಗೆಯಲು ಹೇಳಿದೆವು. ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತವೆ. ಬಿಳಿ ಹತ್ತಿಯ ಮೇಲಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಬಹುದು. ಬಣ್ಣದ ಬಟ್ಟೆಗೆ ಹೀಗೆ ಮಾಡಿದರೆ ಬಣ್ಣವೂ ಹೋಗುತ್ತದೆ.

ಚೀಟಿಗಳನ್ನು ಓದಿದಾಗ ವಿಷಯ ತಿಳಿಯಾಯಿತು. ಫಾಲ್ ಹಚ್ಚದಿರಲು ಕಾರಣ, ಫಾಲನ್ನು ಮೊದಲು ನೀರಿನಲ್ಲಿ ನೆನೆಸಬೇಕು ಎಂಬುದು ಅವರಿಗೆ ಗೊತ್ತಿತ್ತು. ನೆನೆಸದೆ ಹಚ್ಚಿದರೆ ಮೊದಲ ಒಗೆತಕ್ಕೇ ಹತ್ತಿಯ ಫಾಲ್ ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಒಂದೊಂದಕ್ಕೇ ಬಕೆಟ್ ಹಿಡಿಯುವ ಬೇಸರಕ್ಕೆ ಐದೂ ಉಳಿದಿದ್ದವು. ಐದನ್ನೂ ಬಣ್ಣ ಬೇರೆ ಬೇರೆ ಮಾಡಿ ಒಂದೇ ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಂಡ ಮೇಲೆ ಉಳಿದಿದ್ದು ಕೈಹೊಲಿಗೆ ಮಾತ್ರ. ಇದರಿಂದಲೇ ಶುರು ಮಾಡಿ ಎಂದೆವು. ಮನಸ್ಸಿಗೆ ತೀರಾ ಹತ್ತಿರವಾದದ್ದನ್ನು ಮೊದಲು ಹಿಡಿಯಿರಿ ಎಂದು ಹಲವರು ಸಲಹೆ ಕೊಡುತ್ತಾರೆ. ನಮಗದು ಸರಿ ಕಾಣುವುದಿಲ್ಲ. ಕೈ ಇನ್ನೂ ಪಳಗದಿರುವಾಗ ಹಿಡಿದ ಪ್ರೀತಿಯ ಕೆಲಸ ಮತ್ತೆ ನಿಂತರೆ ನೋವು ಇಮ್ಮಡಿಯಾಗುತ್ತದೆ.

ಟೇಬಲ್ ಹೊದಿಕೆಯ ಮೂರು ಮೂಲೆಗಳಲ್ಲಿ ಗುಲಾಬಿ ಮುಗಿದಿತ್ತು. ನಾಲ್ಕನೆಯದಕ್ಕೆ ಬೇಕಾದ ಕಡುಗೆಂಪು ದಾರ ಸಿಕ್ಕಿರಲಿಲ್ಲ. ಅದೇ ನಂಬರಿನ ಲಡಿ ಸಿಕ್ಕರೂ ಬಣ್ಣ ಅದ್ದಿದ ಸರದಿ ಬೇರೆಯಾದರೆ ಛಾಯೆ ಒಂದೆಳೆ ಹೆಚ್ಚುಕಡಿಮೆ ಬರುತ್ತದೆ, ಮೂಲೆಗಳು ಒಂದಕ್ಕೊಂದು ಎದುರಾಗಿ ಬಿದ್ದಾಗ ಅದು ಎದ್ದು ಕಾಣುತ್ತದೆ. ಶಾಂತಕ್ಕ ಹೊದಿಕೆಯ ಆಸೆಯನ್ನೇ ಬಿಟ್ಟು ಮೂರು ಮೂಲೆಗಳಿಂದ ಮೂರು ಟ್ರೇ ಬಟ್ಟೆ ಮಾಡುವುದಾಗಿ ನಿರ್ಧರಿಸಿದರು. ಮ್ಯಾಟಿ ಕತ್ತರಿಸಿದ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲು ಮಿಷನ್ ಹೊಲಿಗೆ ಓಡಿಸಿ, ಮಡಿಕೆಗೆ 1 ಇಂಚು ಬಿಟ್ಟು, ಆಮೇಲೆ ಕತ್ತರಿ ಹಾಕಬೇಕು.

ಕುಂಚಿಗೆಯ ವಿಷಯದಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಲಾಡಿ ಹಚ್ಚಿ ಪಕ್ಕದ ಮನೆಯ ಬಾಣಂತಿಗೆ ಕೊಡುವ ಮನಸ್ಸು ಅವರದು. ಆದರೆ ಟ್ರಂಕಿನಲ್ಲಿ ನುಸಿಗುಳಿಗೆ ಇತ್ತು. ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆ ತೊಡಿಸಿದಾಗ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆಕೂಸಿನ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಕೊಡಬೇಡಿ ಎಂದೆವು. ಕುಂಚಿಗೆಯನ್ನು ಇದ್ದ ಹಾಗೆಯೇ ಹಳೆಯ ಪಂಚೆಯಲ್ಲಿ ಸುತ್ತಿ ನೆನಪಿಗೆ ಇಟ್ಟುಕೊಳ್ಳುವುದು, ಚೀಟಿಯಲ್ಲಿ "ಮುಗೀತು" ಎಂದು ಬರೆಯುವುದು. ಹೊಲಿಯದೆ ಮುಗಿಸುವುದೂ ಮುಗಿಸುವುದೇ ಎಂದು ಅವರು ಒಪ್ಪಲು ಒಂದಿಷ್ಟು ಮಾತು ಬೇಕಾಯಿತು.

ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ಗೋಪುರಗಳ ಸಾಲು, ಗವಂತಿ ಹೊಲಿಗೆಯಲ್ಲಿ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಚುಕ್ಕೆ ಹಾಕಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಗಂಟು ಹಾಕುವಂತಿಲ್ಲ, ಸೀರೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಶಾಂತಕ್ಕನ ಸಾಲಿನಲ್ಲಿ ಒಂದು ಗೋಪುರ ಮೂರು ಎಳೆ ಪಕ್ಕಕ್ಕೆ ಸರಿದಿತ್ತು. ಕೊನೆಯ ಗೋಪುರಕ್ಕೆ ಜಾಗ ಸಾಲದು ಎಂದು ಗೊತ್ತಾದ ದಿನವೇ ಸೀರೆ ಮಡಿಕೆಯಾಗಿ ಒಳಗೆ ಹೋಗಿತ್ತು. ಇಡೀ ಸಾಲು ಬಿಚ್ಚಬೇಕೆಂದೇ ಅವರು ತಿಳಿದಿದ್ದರು. ಹಾಗೇನೂ ಬೇಕಿಲ್ಲ. ಗೋಪುರದೊಳಗಿನ ಲೆಕ್ಕ ತಪ್ಪಿದ್ದರೆ ಬಿಚ್ಚಲೇಬೇಕು. ಗೋಪುರಗಳ ನಡುವಿನ ಖಾಲಿ ಜಾಗದ ಲೆಕ್ಕ ತಪ್ಪಿದ್ದರೆ, ಮುಂದಿನ ಮೂರು ಸಂದುಗಳಲ್ಲಿ ಒಂದೊಂದು ಎಳೆ ಕಡಿಮೆ ಮಾಡಿದರೆ ಸಾಲು ಕೂಡಿಕೊಳ್ಳುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಚ್ಚಲೇಬೇಕಾದ ಕಡೆ ಉದ್ದ ದಾರವನ್ನು ಒಂದೇ ಸಮ ಎಳೆಯಬಾರದು. ಅದು ರಂಧ್ರ ಅಗಲಿಸುತ್ತದೆ, ನೂಲಿನ ಜುಂಗು ಎಬ್ಬಿಸುತ್ತದೆ. ಸಣ್ಣ ಕತ್ತರಿಯಿಂದ ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸಿ ಚಿಮುಟದಿಂದ ತುಂಡು ತುಂಡಾಗಿ ತೆಗೆಯಬೇಕು. ಹತ್ತಿಯ ಭಾಗವಾದರೆ ನೀರು ಚಿಮುಕಿಸಿ ಉಗುರಿನಿಂದ ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಉಜ್ಜಿದಾಗ ರಂಧ್ರ ಬಹುಪಾಲು ಮುಚ್ಚುತ್ತದೆ. ರೇಷ್ಮೆಯಲ್ಲಿ ಅಷ್ಟು ಮುಚ್ಚುವುದಿಲ್ಲ, ಹೊಸ ಹೊಲಿಗೆ ಅದೇ ರಂಧ್ರಗಳ ಮೇಲೆ ಬರುವಂತೆ ನೋಡಿಕೊಳ್ಳಬೇಕು.

ಲೆಕ್ಕ ತಪ್ಪಿದ್ದಕ್ಕೆ ನಿಜವಾದ ಕಾರಣ ಕಣ್ಣು. ಅವರ ಕನ್ನಡಕ ಪುಸ್ತಕ ಓದುವ ದೂರಕ್ಕೆ ಮಾಡಿಸಿದ್ದು, ಎಳೆ ಎಣಿಸುವಾಗ ಬಟ್ಟೆಯನ್ನು ಇನ್ನೂ ಹತ್ತಿರ ಹಿಡಿಯುತ್ತಾರೆ. ಸೀರೆಯನ್ನೇ ಕೈಯಲ್ಲಿ ಹಿಡಿದು ಕಣ್ಣಿನ ವೈದ್ಯರ ಹತ್ತಿರ ಹೋಗಿ, ಪೊರೆ ಇದೆಯೋ ನೋಡಿಸಿ, ಆ ದೂರ ಅಳೆಸಿ ಬೇರೆ ಕನ್ನಡಕ ಮಾಡಿಸಲು ಹೇಳಿದೆವು. ಕಪ್ಪು ಮೈಯ ಸೀರೆಗೆ ಇನ್ನೊಂದು ಉಪಾಯ ಇದೆ: ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಬೆಳಗಿನ ಬೆಳಕಿನಲ್ಲಿ ಕೂತರೆ ಎಳೆಗಳ ಸಂದಿಯಿಂದ ಬಿಳುಪು ಇಣುಕುತ್ತದೆ, ಎಣಿಕೆ ಹಗುರಾಗುತ್ತದೆ.

ಉಳಿದಿದ್ದು ಕೌದಿ. ಅಳತೆ 4.5 ಅಡಿಗೆ 6.5 ಅಡಿ, ನಾಲ್ಕು ಪದರ. ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಸಾಗುವ ದಾರಹೊಲಿಗೆ, ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ನಾಲ್ಕೂ ಕಡೆಯಿಂದ 12 ಇಂಚು ಒಳಗೆ ಬಂದು ನಿಂತಿತ್ತು. "ಅರ್ಧಾನೂ ಆಗಿಲ್ರಿ" ಎಂದರು. ಸುತ್ತು ಎಣಿಸಿದರೆ ಅದು ನಿಜ: 36 ಸುತ್ತುಗಳಲ್ಲಿ 16 ಆಗಿದ್ದವು. ಆದರೆ ಕೌದಿಯಲ್ಲಿ ಹೊರಗಿನ ಸುತ್ತು ಉದ್ದ, ಒಳಗಿನದು ಗಿಡ್ಡ. ಮೊದಲ ಸುತ್ತು 22 ಅಡಿ, ಅವರು ನಿಂತ ಜಾಗದಲ್ಲಿ ಸುತ್ತು 14 ಅಡಿಗೆ ಇಳಿದಿತ್ತು. ಇಡೀ ಕೌದಿಗೆ ಸುಮಾರು 468 ಅಡಿ ಹೊಲಿಗೆ, ಅದರಲ್ಲಿ 288 ಅಡಿ ಮುಗಿದೇ ಹೋಗಿತ್ತು! ಬಾಕಿ 180 ಅಡಿ. ಅರ್ಧ ಗಂಟೆ ಹೊಲಿದು ಟೇಪಿನಿಂದ ಅಳೆಯಿರಿ ಎಂದೆವು, 6 ಅಡಿ ಬಂತು. ಅಂದರೆ ಉಳಿದದ್ದು 15 ಗಂಟೆ. ದಿನಕ್ಕೆ ಮುಕ್ಕಾಲು ಗಂಟೆಯಂತೆ ವಾರಕ್ಕೆ ನಾಲ್ಕು ದಿನ ಕೂತರೆ ಐದು ವಾರ. ಈ ಲೆಕ್ಕ ಕೇಳಿ ಶಾಂತಕ್ಕ ತಾವೇ ಕಾಗದ ತೆಗೆದುಕೊಂಡು ಇನ್ನೊಮ್ಮೆ ಹಾಕಿ ನೋಡಿದರು. ಗಣಿತ ಕಲಿಸಿದವರು!

ಆದರೂ ಸೂಜಿ ಮುಂದೆ ಹೋಗಲಿಲ್ಲ. ಕೌದಿಯನ್ನು ಅವರೆದುರೇ ಹರಡಿಸಿ ನೋಡಿದಾಗ ಕಾರಣ ಕಂಡಿತು. ನಡುವೆ ಕೂಡಿಸಿದ್ದ ತುಂಡು ತಾಯಿ ಕೊನೆಯ ದಿನಗಳಲ್ಲಿ ಉಟ್ಟ ಸೀರೆಯ ಸೆರಗು. ಹೊಲಿಗೆ ಸರಿಯಾಗಿ ಅದರ ಅಂಚಿಗೆ ಬಂದು ನಿಂತಿತ್ತು. "ಅವ್ವಗ ಚುಚ್ಚಿಧಂಗ ಆಗ್ತದರಿ" ಎಂದು ಅತ್ತರು. ಇಲ್ಲಿ ಗಂಟೆಯ ಲೆಕ್ಕ ಕೆಲಸಕ್ಕೆ ಬಾರದು. ಆ ಹೊತ್ತಿನಲ್ಲಿ ತಾಯಿಯ ಬಗ್ಗೆ ಮಾತಾಡಿದೆವು, ಹೊಲಿಗೆಯ ಮಾತು ಎತ್ತಲಿಲ್ಲ.

ಮುಂದಿನ ಭೇಟಿಯಲ್ಲಿ ಎರಡು ದಾರಿ ಇಟ್ಟೆವು. ಒಂದು, ಸೆರಗಿನ ಮೇಲೆ ಸಾಲು ಹೊಲಿಗೆ ಬೇಡ, 4 ಇಂಚಿಗೊಂದರಂತೆ ಎಲ್ಲ ಪದರ ಹಿಡಿಯುವ ಟಾಕೆ ಹಾಕಿ ಗಂಟು ಕಟ್ಟುವುದು. ಟಾಕೆಗಳು ಇದಕ್ಕಿಂತ ದೂರವಾದರೆ ಒಗೆದಾಗ ಒಳಪದರ ಸರಿದು ಮುದ್ದೆಗಟ್ಟುತ್ತದೆ. ಇನ್ನೊಂದು, ಆ ಭಾಗವನ್ನು ಒಬ್ಬರೇ ಹೊಲಿಯದೆ ತಂಗಿಯನ್ನು ಕರೆದು ಎದುರುಬದುರು ಕೂತು ಹೊಲಿಯುವುದು. ಯಾವುದಾದರೂ ಆಗಲಿ, ಮೊದಲು ಸೆರಗಿನ ಕಸುವು ನೋಡಬೇಕು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಎಳೆ ಬಿರಿದರೆ, ಮೇಲೊಂದು ತೆಳು ನೆಟ್ ಬಟ್ಟೆ ಹಾಸಿ ಅದರ ಸಮೇತ ಹೊಲಿಯಬೇಕು. ಹಳೆ ಬಟ್ಟೆಗೆ ಪಾಲಿಯೆಸ್ಟರ್ ದಾರ ಹಾಕಬಾರದು. ದಾರ ಬಟ್ಟೆಗಿಂತ ಗಟ್ಟಿಯಾದರೆ ಎಳೆತ ಬಿದ್ದಾಗ ಬಟ್ಟೆಯೇ ಕೊಯ್ದುಕೊಳ್ಳುತ್ತದೆ. ಹತ್ತಿಯ ದಾರ, ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಜೇನುಮೇಣಕ್ಕೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ವರ್ಷಗಳ ನಂತರ ಮುಂದುವರಿಸುವಾಗ ಕೈಯ ಬಿಗಿ ಬದಲಾಗಿರುತ್ತದೆ, ಹಳೆಯ ಸಾಲಿನ ಕೊನೆಯ 2 ಇಂಚು ಬಿಚ್ಚಿ ಅದರ ಮೇಲೇ ಹೊಸ ದಾರ ಹತ್ತಿಸಿದರೆ ಜೋಡಣೆ ಕಾಣದು.

ಶಾಂತಕ್ಕನಿಗೆ ಮಧುಮೇಹ ಇರುವುದರಿಂದ ಬೆರಳಿಗೆ ಥಿಂಬಲ್ (ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಟೊಪ್ಪಿ) ಕಡ್ಡಾಯ ಎಂದೆವು. ಸ್ಪರ್ಶ ಮಂದವಾದಾಗ ಚುಚ್ಚಿದ್ದು ಗೊತ್ತಾಗದೆ ಗಾಯ ಬಲಿಯಬಹುದು. 25 ನಿಮಿಷಕ್ಕೊಮ್ಮೆ ಎದ್ದು ಹೆಗಲು, ಮಣಿಕಟ್ಟು ಆಡಿಸಬೇಕು. ನಿಲ್ಲಿಸುವಾಗ ಸೂಜಿ ತೆಗೆದು, 4 ಇಂಚು ದಾರ ಬಿಟ್ಟು, ಮುಂದೆ ಏನು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಸುತ್ತು ಪೂರ್ತಿ ಮುಗಿಸಿ ಏಳುವುದಕ್ಕಿಂತ ನಡುವೆ ಏಳುವುದು ಮೇಲು, ಮರುದಿನ ಎಲ್ಲಿಂದ ಎಂಬ ಯೋಚನೆ ಇರುವುದಿಲ್ಲ.

ಮನೆಯವರನ್ನೂ ಒಮ್ಮೆ ಕರೆಸಿದೆವು. "ಮುಗೀತೇನು?" ಎಂದು ಕೇಳಬೇಡಿ, ಆ ಮುಕ್ಕಾಲು ಗಂಟೆ ಚಹಾ ಕೇಳಬೇಡಿ, ಇಷ್ಟೇ ಹೇಳಿದ್ದು. ಮಗ ಕಿಟಕಿಯ ಪಕ್ಕ ಕುರ್ಚಿ, ದೀಪ ಹಾಕಿಸಿಕೊಟ್ಟರು.

ಕೊನೆಯ ಭೇಟಿಯ ಹೊತ್ತಿಗೆ ಐದು ಸೀರೆಗೂ ಫಾಲ್ ಹಚ್ಚಿಯಾಗಿತ್ತು, ಟ್ರೇ ಬಟ್ಟೆಗಳಲ್ಲಿ ಒಂದು ತಂಗಿಯ ಮನೆ ಸೇರಿತ್ತು. ಕೌದಿ ಮುಗಿದಿತ್ತು. ಅಕ್ಕತಂಗಿಯರು ಸೆರಗಿನ ಭಾಗಕ್ಕೆ ನೆಟ್ ಹಾಸಿ ಟಾಕೆಯನ್ನೇ ಆರಿಸಿಕೊಂಡಿದ್ದರು, ಲೆಕ್ಕಕ್ಕಿಂತ ಬೇಗ ಆಯಿತು. ಅದನ್ನು ಮೊದಲ ಸಲ ಒಗೆಯುವ ಮುನ್ನ ಕೆಂಪು ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ, ತಣ್ಣೀರಿನಲ್ಲಿ ಮಾತ್ರ ಒಗೆದು, ಹಿಂಡದೆ, ಹಗ್ಗಕ್ಕೆ ನೇತುಹಾಕದೆ ಚಾಪೆಯ ಮೇಲೆ ಒಣಗಿಸಲು ತಿಳಿಸಿದ್ದೇವೆ. ನೆನೆದ ಕೌದಿಯ ಭಾರಕ್ಕೆ ಟಾಕೆ ಹಾಕಿದ ಕಡೆ ಹಳೆಯ ಬಟ್ಟೆ ಹರಿಯುತ್ತದೆ. ಕಸೂತಿಯಲ್ಲಿ ಇನ್ನೂ ನಾಲ್ಕು ಗೋಪುರ ಬಾಕಿ. ಹೊಸ ಕನ್ನಡಕ ಬಂದಿದೆ, ಆದರೆ ಸರಿದ ಮೂರು ಎಳೆಗಳಲ್ಲಿ ಎರಡನ್ನಷ್ಟೇ ಹೊಂದಿಸಿಕೊಂಡಿದ್ದಾರೆ. ಮೂರನೆಯದನ್ನು ಮುಂದಿನ ಸಂದಿನಲ್ಲಿ ಹೊಂದಿಸಬೇಕು, ಚೀಟಿಯಲ್ಲಿ ಹಾಗೆಂದು ಬರೆದುಕೊಂಡು ಹೋಗಿದ್ದಾರೆ.