ಮಗುವಿನ ಬೆರಳು ಅಂಟ್ಕೊಂಡಿದ್ರೆ ಐದು ವರ್ಷ ಕಾಯ್ಬೇಕಾ?

ನಿಮ್ಮ ಪ್ರಶ್ನೆ ಓದಿದ್ರೆ ನಮ್ಮನೆ ಮಾತೇ ಕೇಳ್ದಂಗಾಯ್ತು ನೋಡ್ರಿ ಮೇಡಂ. ಮಗು ಕೈಯಲ್ಲಿ ಎರಡು ಬೆರಳು ಅಂಟಿದಾವೆ, ಬಸುರಿಲಿ ಏಳನೇ ತಿಂಗಳಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಿದ್ದಕ್ಕೆ ಹಿಂಗಾಯ್ತು ಅಂತ ಅತ್ತೆ, ನಿಮ್ಮ ಮಗನ ಕಾಲಲ್ಲೂ ಇದೆಯಲ್ಲ ಅಂತ ಅತ್ತೆಗೆ ನೀವು, ಐದು ವರ್ಷ ತುಂಬ್ಲಿ ಆಮೇಲೆ ಆಪರೇಷನ್ ಅಂತ ಎಲ್ರೂ.

ನನ್ನ ಬಲಗೈಲಿ ಉಂಗುರ ಬೆರಳು ಕಿರುಬೆರಳು ಇವತ್ತಿಗೂ ಅಂಟ್ಕೊಂಡೇ ಇದಾವೆ, ನಮ್ಮಪ್ಪಂಗೂ ಹಂಗೇ ಇತ್ತು. ದಾವಣಗೆರೆ ಚೌಕಿಪೇಟೆಲಿ ಬಟ್ಟೆ ಅಂಗಡಿ ನಂದು, ಇದೇ ಕೈಲಿ ದಿನಾ ಬಟ್ಟೆ ಅಳೀತೀನಿ, ಕತ್ತರಿ ಹಿಡೀತೀನಿ, ಏನೂ ತೊಂದ್ರೆ ಇಲ್ಲ. ಮಗಳು ಹುಟ್ಟಿದಾಗ ಅವಳಿಗೂ ಅವೇ ಎರಡು ಬೆರಳು. ನಮ್ಮನೆ ಸೀಲು ಬಿದ್ದಿದೆ ಬಿಡಿ ಅಂತ ನಕ್ಕೆ. ವರ್ಷದೊಳಗೆ ಬಿಡಿಸಿಬಿಡಿ ಅಂತ ಡಾಕ್ಟ್ರು ಹೇಳಿದ್ರು, ಅಷ್ಟು ಸಣ್ಣ ಕೂಸಿಗೆ ಅನಸ್ತೇಷಿಯಾ ಯಾಕೆ, ನಾನು ಬದುಕಿಲ್ವಾ ಅಂತ ಮುಂದಕ್ಕೆ ಹಾಕ್ದೆ.

ನಾನು ಎಡವಿದ್ದು ಇಲ್ಲೇ, ಮಗಳ ಕೈನ ನನ್ನ ಕೈಗೆ ಹೋಲಿಸಿದ್ದು. ನಂದು ಬುಡದಲ್ಲಿ ಮಾತ್ರ ಅಂಟಿದೆ, ಮೊದಲ ಗೆಣ್ಣು ದಾಟಿಲ್ಲ. ಅವಳದ್ದು ಉಗುರಿನವರೆಗೂ ಅಂಟಿತ್ತು. ಒಂದೇ ಜೀನು ಅಪ್ಪನಲ್ಲಿ ಒಂಥರ ಮಗಳಲ್ಲಿ ಇನ್ನೊಂಥರ ಕಾಣ್ಸುತ್ತೆ ಅನ್ನೋದು ಆಗ ನನ್ನ ತಲೆಗೇ ಹೋಗಿರ್ಲಿಲ್ಲ. ಉಂಗುರ ಬೆರಳು ಉದ್ದ, ಕಿರುಬೆರಳು ಗಿಡ್ಡ, ಎರಡೂ ತುದಿತನಕ ಅಂಟಿದ್ರೆ ಉದ್ದಂದು ಬೆಳೆಯೋಕೆ ನೋಡುತ್ತೆ, ಗಿಡ್ಡಂದು ಬಿಡಲ್ಲ, ಬಿಲ್ಲಿಗೆ ಹೆದೆ ಕಟ್ಟಿದಂಗೆ. ಉದ್ದಂದು ಬಾಗ್ತಾ ಬಾಗ್ತಾ ಹೋಗಿ ಗೆಣ್ಣೇ ಬಿಗಿದುಬಿಡುತ್ತೆ. ಸ್ಕೂಲಿಗೆ ಸೇರಿಸೋ ಹೊತ್ತಿಗೆ ಆಪರೇಷನ್ ಮಾಡ್ಸಿದ್ವಿ, ಬೆರಳೇನೋ ಬೇರೆ ಆದ್ವು, ಬಾಗಿದ್ದು ಮಾತ್ರ ಪೂರ್ತಿ ನೆಟ್ಟಗಾಗ್ಲಿಲ್ಲ, ರಾತ್ರಿ ಬೆರಳು ನೆಟ್ಟಗಿಡೋ ಪಟ್ಟಿ (ಸ್ಪ್ಲಿಂಟ್) ಕಟ್ಟಿದ್ರೂ ಅಷ್ಟೇ. ಈಗ್ಲೂ ಅಂಗೈನ ಟೇಬಲ್ ಮೇಲೆ ಊರು ಅಂದ್ರೆ ಆ ಒಂದು ಬೆರಳು ಎದ್ದೇ ಇರುತ್ತೆ, ಕೆಳಗೆ ಪೆನ್ಸಿಲ್ ತೂರಿಸ್ಬಹುದು.

ಹಂಗಾಗಿ ಯಾರ ಕಡೆಯಿಂದ ಬಂತು ಅನ್ನೋ ಪಂಚಾಯ್ತಿ ಬಿಡ್ರಿ. ಯಾವ ಬೆರಳು, ಎಲ್ಲಿತನಕ ಅಂಟಿದೆ ಅಂತ ನೋಡಿ, ನೀವು ಅದನ್ನೇ ಬರೆದಿಲ್ಲ! ಹೆಬ್ಬೆರಳು-ತೋರುಬೆರಳು ಅಥವಾ ಉಂಗುರ-ಕಿರುಬೆರಳು ಆದ್ರೆ ಸಾಮಾನ್ಯವಾಗಿ 6 ರಿಂದ 12 ತಿಂಗಳೊಳಗೆ ಬಿಡಿಸ್ತಾರೆ. ನಡುಬೆರಳು-ಉಂಗುರ ಬೆರಳು ಉದ್ದದಲ್ಲಿ ಹೆಚ್ಚುಕಮ್ಮಿ ಸಮ, ಅದಕ್ಕೆ ಒಂದೂವರೆ ವರ್ಷದ ಹತ್ರ ಆದ್ರೂ ನಡೆಯುತ್ತೆ. ಐದು ವರ್ಷ ಅನ್ನೋದು ಎರಡಕ್ಕೂ ತಡ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಲೋ ಬಾಪೂಜಿ ಆಸ್ಪತ್ರೆಲೋ ಮೊದಲು ಎಕ್ಸ್‌ರೇ ತೆಗೆಸಿ, ಚರ್ಮ ಮಾತ್ರ ಅಂಟಿದೆಯೋ ಮೂಳೆನೂ ಸೇರಿದೆಯೋ ಗೊತ್ತಾಗುತ್ತೆ. ಕತ್ತರಿಸೋರು ಪ್ಲಾಸ್ಟಿಕ್ ಸರ್ಜನ್ ಅಥವಾ ಕೈ ಸರ್ಜನ್ ಆಗಿರ್ಲಿ, ಬೆಂಗಳೂರಾ ದಾವಣಗೆರೆನಾ ಅನ್ನೋದು ಆಮೇಲಿನ ಮಾತು. ನೆಟ್ಟಗೆ ಸೀಳಿದ್ರೆ ಗಾಯದ ಕಲೆ ಎಳೆದು ಬೆರಳು ಮತ್ತೆ ಬಾಗುತ್ತೆ, ಅದಕ್ಕೇ ಅಂಕುಡೊಂಕಾಗಿ ಕೊಯ್ತಾರೆ, ಸಾಲದ ಜಾಗಕ್ಕೆ ತೊಡೆಸಂದಿಯಿಂದ ಚರ್ಮ ತೆಗೆದು ಹಾಕೋದುಂಟು. ಆ ತೇಪೆ ಸ್ವಲ್ಪ ಕಪ್ಪಗೆ ಕಾಣುತ್ತೆ, ಗಾಬರಿ ಬೀಳ್ಬೇಡಿ. ಬೆಳೀತಾ ಬುಡದ ಚರ್ಮ ಮತ್ತೆ ಮೇಲಕ್ಕೆ ತೆವಳೋದೂ ಉಂಟು, ಚೆಕಪ್ ಬಿಡ್ಬೇಡಿ. ಉಂಗುರ-ಕಿರುಬೆರಳು ಆಗಿದ್ರೆ ಕಣ್ಣು, ಹಲ್ಲು ತೋರಿಸೋದನ್ನೂ ಮರೀಬೇಡಿ, ಒಂದೊಂದು ಸಲ ಅದೇ ಜೀನು ಅಲ್ಲೂ ಕೈ ಆಡಿಸಿರುತ್ತೆ.

ಗ್ರಹಣದ ವಿಷ್ಯಕ್ಕೆ ಅತ್ತೆಗೆ ಇಷ್ಟು ಹೇಳಿ: ಗರ್ಭದಲ್ಲಿ ಬೆರಳು ಬಿಡಿಬಿಡಿ ಆಗೋದು 6 ರಿಂದ 8ನೇ ವಾರದಲ್ಲಿ, ನಡುವಿನ ಜೀವಕೋಶಗಳು ತಾವಾಗೇ ಸತ್ತು. ಏಳನೇ ತಿಂಗಳಲ್ಲಿ ಬಂದ ಗ್ರಹಣಕ್ಕೆ ಅಂಟಿಸೋಕೆ ಅಲ್ಲಿ ಏನೂ ಉಳಿದಿರಲ್ಲ. ಎರಡನೇ ಮಗು ಬಗ್ಗೆನೂ ಕೇಳಿದೀರಿ. ನಮ್ಮಂಥ ಮನೆತನದಲ್ಲಿ ಅಪ್ಪ ಅಮ್ಮ ಒಬ್ರಿಗಿದ್ರೂ ಪ್ರತಿ ಮಗುಗೂ ಅರ್ಧಕ್ಕರ್ಧ ಚಾನ್ಸು, ಮೊದಲನೇದಕ್ಕೆ ಬಂತು ಅಂತ ಎರಡನೇದಕ್ಕೆ ಲೆಕ್ಕ ಬದಲಾಗಲ್ಲ. ನಮ್ಮ ಸಣ್ಣವನ ಕೈ ಸರಿಯಿದೆ. ಅದಕ್ಕೆ ಹೆದರಿ ಮಗು ಬೇಡ ಅನ್ನೋದು ನನಗಂತೂ ಸರಿ ಕಾಣಲ್ಲ.

ಇನ್ನು ನಿಮ್ಮ ಯಜಮಾನ್ರ ಥರ ಮಗುಗೂ ಕಾಲಿನ ಎರಡನೇ ಮೂರನೇ ಬೆರಳು ಅಂಟಿದ್ರೆ ಅದನ್ನ ಮುಟ್ಟಿಸ್ಲೇಬೇಡಿ, ನಡಿಗೆಗೆ ಏನೂ ಆಗಲ್ಲ. ಮುಂದೆ ಕಾಲುಂಗುರ ಹೆಂಗೆ ಹಾಕೋದು ಅಂತ ಯಾರಾದ್ರೂ ಕೇಳಿದ್ರೆ, ಕಾಲುಂಗುರಕ್ಕೋಸ್ಕರ ಕೂಸಿನ ಕಾಲು ಕೊಯ್ಸಲ್ಲ ಅಂತ ಮುಖದ ಮೇಲೇ ಹೇಳಿ.