ಬಾಯ್ಲರ್ ಬಿಡಿ, ತಂತಿ ಹಿಡಿಯಿರಿ

ನಮಸ್ಕಾರ,

ನಮ್ಮ ನೌಕಾಪಡೆಯ ಹಳೆಯ ಡೆಸ್ಟ್ರಾಯರ್ ರಜಪೂತ್ ಬಗ್ಗೆ ನೀವು ಕಳಿಸಿದ ‘ಐಎನ್‌ಎಸ್ ರಜಪೂತ್: ಸೇವಾ ಚರಿತ್ರೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟ ಸರ್ಕಾರಿ ನೌಕರನ ಸರ್ವಿಸ್ ರಿಜಿಸ್ಟರ್ ಇದ್ದ ಹಾಗಿದೆ. 1942ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ನೀರಿಗಿಳಿಯಿತು, 1949ರಲ್ಲಿ ಭಾರತಕ್ಕೆ ಬಂತು, ನಾಲ್ಕು ತೋಪು, ಎಂಟು ಟಾರ್ಪೆಡೊ ನಳಿಗೆ. ಸರಿ. ಆದರೆ ಇದೇ ಹಡಗು ಬ್ರಿಟಿಷ್ ನೌಕಾಪಡೆಯಲ್ಲಿ ರಾದರ್‌ಹ್ಯಾಮ್ ಎಂಬ ಹೆಸರಿನಲ್ಲಿ 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿತ್ತು. ಅಲ್ಲಿನ ನೌಕಾನೆಲೆಯನ್ನು ಜಪಾನಿಯರು ಒಪ್ಪಿಸಿದ್ದು ಅದರ ಕ್ಯಾಪ್ಟನ್ನಿಗೆ. ಅದಕ್ಕೆ ಅರ್ಧ ಸಾಲು, ಬಾಯ್ಲರಿಗೆ ಇಡೀ ಪ್ಯಾರಾ!

ಇನ್ನು 1971ರ ಪಾಕಿಸ್ತಾನದ ಜೊತೆಗಿನ ಯುದ್ಧ. ನಮ್ಮ ವಿಮಾನವಾಹಕ ಹಡಗು ವಿಕ್ರಾಂತನ್ನು ಮುಳುಗಿಸಲು ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಹೊರಟಿದೆ, ವಿಕ್ರಾಂತ್ ಅಂಡಮಾನಿನ ಕಡೆ ಅಡಗಿದೆ. ನಿವೃತ್ತಿಯ ಅಂಚಿನಲ್ಲಿದ್ದ ಮುದಿ ರಜಪೂತ್, ವಿಶಾಖಪಟ್ಟಣದಾಚೆ ತಾನೇ ವಿಕ್ರಾಂತ್ ಎಂಬಂತೆ ವೈರ್‌ಲೆಸ್ಸಿನಲ್ಲಿ ಗದ್ದಲ ಮಾಡುತ್ತಿದೆ. ಪಾಕಿಸ್ತಾನದ ಕಿವಿಗೆ ಬೀಳಲೆಂದೇ ವಿಕ್ರಾಂತಿನ ನಾವಿಕನೊಬ್ಬನ ಹೆಸರಲ್ಲಿ ಒಂದು ಖಾಸಗಿ ತಂತಿ, ಅಂದರೆ ಟೆಲಿಗ್ರಾಂ: ಕಾಯಿಲೆ ಬಿದ್ದ ಅಮ್ಮ ಹೇಗಿದ್ದಾಳೆ? ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಹೂಡಿದ ಆಟ. ನಿಮ್ಮ ಲೇಖನದಲ್ಲಿ ಜೀವವಿರುವ ಮಾತು ಇದೊಂದೇ, ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ.

ಡಿಸೆಂಬರ್ 3ರ ನಡುರಾತ್ರಿಗೆ ಬಂದಾಗ ನಿಮ್ಮ ಹಡಗು ‘ಶತ್ರುವಿನ ಎದೆ ಸೀಳಿ ಸಿಂಹದಂತೆ ಗರ್ಜಿಸಿತು’. ಗರ್ಜಿಸಲಿಲ್ಲ. ರಜಪೂತಿನ ಕ್ಯಾಪ್ಟನ್ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಬಂದರು ಬಿಟ್ಟು ಹೊರಡುವಾಗ ನೀರು ಕದಡಿದ್ದು ಕಂಡಿತು. ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಹಾಕಿಸಿ ಮುಂದೆ ಸಾಗಿದರು. ಆಮೇಲೆ ಊರಿಗೆಲ್ಲ ಕೇಳಿಸುವಂಥ ಸ್ಫೋಟ. ಘಾಜಿಯ ಅವಶೇಷಗಳು ಮೊದಲು ಸಿಕ್ಕಿದ್ದು ಮೀನುಗಾರರಿಗೆ. ಇಷ್ಟನ್ನೇ ಬರೆದರೂ ಓದುಗನ ಕೈ ತಣ್ಣಗಾಗುತ್ತದೆ, ಸಿಂಹವನ್ನು ಕಾಡಿಗೆ ಕಳಿಸಿ.

ಘಾಜಿಯನ್ನು ಮುಳುಗಿಸಿದ್ದು ರಜಪೂತೇ ಎಂದು ನಮ್ಮ ನೌಕಾಪಡೆ. ಘಾಜಿ ತಾನೇ ನೀರಿನಲ್ಲಿ ಹಾಕಿದ ಮೈನೋ ಒಳಗಿನ ಸ್ಫೋಟವೋ ಕಾರಣ ಎಂದು ಪಾಕಿಸ್ತಾನ. ಈ ತಕರಾರನ್ನು ನೀವು ಮುಟ್ಟಿಯೇ ಇಲ್ಲ. ಮುಟ್ಟಿ, ದೇಶಭಕ್ತಿಗೇನೂ ಕೊರತೆಯಾಗದು. ಜಲಾಂತರ್ಗಾಮಿಯೊಳಗೆ 90ಕ್ಕೂ ಹೆಚ್ಚು ಜನ ಸತ್ತರು, ಒಬ್ಬನೂ ಉಳಿಯಲಿಲ್ಲ. ಅವರ ಬಗ್ಗೆಯೂ ಒಂದು ವಾಕ್ಯ ಬೇಕು.

ಅಂದಹಾಗೆ, ‘ವಿಧ್ವಂಸಕ ನೌಕೆ’ ಎಂದು ಹದಿನೇಳು ಸಲ ಬರೆದಿದ್ದೀರಿ. ಎಣಿಸಿದೆ. ಡೆಸ್ಟ್ರಾಯರ್ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಆ ತಂತಿಯಿಂದ ಶುರು ಮಾಡಿ, ಕ್ಲೈಡ್‌ಬ್ಯಾಂಕ್ ನಡುವೆ ಎಲ್ಲಾದರೂ ಬರಲಿ. ಅರ್ಧಕ್ಕೆ ಇಳಿಸಿ ಕಳಿಸಿದರೆ ಮತ್ತೆ ಓದುತ್ತೇನೆ.

ಸಂ.